ನೆಟ್ಟಗೆ ನಿಂತ ಐದು ಕಾಯಿ

ಆ ಶುಕ್ರವಾರದ ದಿನಚರಿಯಲ್ಲಿ ಎರಡೇ ಸಾಲಿವೆ. ಮೊದಲನೆಯದು, "ಹೊಂಡಕ್ಕೆ ಐದು ಕಾಯಿ ಬಿಟ್ಟೆ." ಎರಡನೆಯ ಸಾಲು ನನಗೆ ಅಷ್ಟು ಅನುಕೂಲದ್ದಲ್ಲ, ಅದನ್ನು ಆಮೇಲೆ ಹೇಳುತ್ತೇನೆ. ಈ ಪ್ರಸಂಗವನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಬಹಳ ಸಲ ಹೇಳಿದ್ದೇನೆ, ಹೇಳಿದ ಪ್ರತಿ ಸಲವೂ ಅದು ಇನ್ನೊಂದಿಷ್ಟು ಚೆನ್ನಾಗುತ್ತಾ ಬಂದಿದೆ. ಅಷ್ಟು ಚೆನ್ನಾಗಿ ಯಾವುದೂ ನಡೆದಿರುವುದಿಲ್ಲ ಎಂಬ ಅನುಮಾನ ಬಂದು, ಈಗ ದಿನಚರಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅದರ ಜೊತೆಗೆ ಕರಾವಳಿಯ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೇನೆ. ವಿಷಯ ಸಮುದ್ರ. ಸಮುದ್ರ ನೋಡಬೇಕೆಂದರೆ ಇಲ್ಲಿಂದ ಒಂದು ಹಗಲು ಬಸ್ಸಿನಲ್ಲಿ ಕೂರಬೇಕು. ನಾನು ನೋಡಿರುವುದು ಏಳೆಂಟು ಸಲ, ಅದರಲ್ಲಿ ಎರಡು ಸಲ ಮಳೆ ಹೊಡೆದು ಏನೂ ಕಾಣಲಿಲ್ಲ. ಆದರೆ ಕಂಪ್ಯೂಟರಿನೊಳಗೆ ಸಮುದ್ರ ಕಟ್ಟುವವರಿಗೆ ನೀರು ಹತ್ತಿರ ಇರಬೇಕೆಂದೇನಿಲ್ಲ. ಕರೆಂಟು ಇದ್ದರೆ ಸಾಕು. ಹಾಲ್ಕುರಿಕೆ ಕಡೆಗಿರುವ ನಮ್ಮ ತೋಟದ ಮನೆಯಲ್ಲಿ ಅದೂ ಮನಸ್ಸು ಬಂದಾಗ ಬರುತ್ತಿತ್ತು.

ಆ ಮನೆಯಲ್ಲಿ ನಾವು ಮೂವರು. ನಾನು, ದೊಡ್ಡಪ್ಪ, ಮತ್ತು ಅತ್ತೆ. ಅತ್ತೆ ದೊಡ್ಡಪ್ಪನಿಗೆ ತಂಗಿ, ನನ್ನಪ್ಪನಿಗೆ ಅಕ್ಕ. ದೊಡ್ಡಪ್ಪನಿಗೆ ಸುತ್ತಮುತ್ತ ಒಂದು ಹೆಸರಿದೆ: ತೆಂಗಿನ ಬಿತ್ತನೆ ಕಾಯಿ ಆರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅತ್ತೆಗೂ ಒಂದು ಹೆಸರಿದೆ. ಅವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ಯಾಕೆ, ಯಾವಾಗ, ಯಾರ ಜೊತೆ, ಎಷ್ಟೊತ್ತಿಗೆ ಎಂದು ಅವಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾಳೆ.

ನನ್ನ ಕಷ್ಟ ಇದು. ಗಾಳಿ ಬೀಸಿದರೆ ಸಮುದ್ರದ ಮೇಲಿನ ಬಿಸಿ ನೀರು ಕೆಳಗಿನ ತಣ್ಣೀರಿನ ಜೊತೆ ಬೆರೆಯುತ್ತದೆ. ಎಷ್ಟು ಆಳದವರೆಗೆ? ಬೆರೆಸುವ ಸುಳಿಗಳೆಲ್ಲ ಗೇಣುದ್ದ, ಮಾರುದ್ದದವು. ಕಂಪ್ಯೂಟರಿನ ಸಮುದ್ರದಲ್ಲಿ ಒಂದೊಂದು ಚೌಕವೂ ಒಂದು ತಾಲ್ಲೂಕಿನಷ್ಟು ಅಗಲ. ಸುಳಿ ಅದರೊಳಗೆ ಕಾಣುವುದೇ ಇಲ್ಲ. ಆದ್ದರಿಂದ ಕಾಣದ ಕಲಕಾಟಕ್ಕೆ ನಾವೇ ಒಂದು ವಿಧಾನ ಆರಿಸಿ ಹೇಳಿಕೊಡಬೇಕು. ಲೋಕದಲ್ಲಿ ಅಂಥ ವಿಧಾನಗಳು ಬೇಕಾದಷ್ಟಿವೆ. ಒಂದೂವರೆ ವರ್ಷ ಜರಡಿ ಹಿಡಿದ ಮೇಲೆ ನನ್ನ ಬಳಿ ಎರಡು ಉಳಿದಿದ್ದವು.

ಅವುಗಳ ನಿಜವಾದ ಹೆಸರುಗಳು ಬಾಯಿಗೆ ಹತ್ತುವಂಥವಲ್ಲ. ಮೊದಲನೆಯದನ್ನು ನಾನು ಮನಸ್ಸಿನಲ್ಲೇ ದೊಡ್ಡಪ್ಪ ಎಂದು ಕರೆಯುತ್ತಿದ್ದೆ. ತೋಟದಲ್ಲಿ ನಿಂತು, ಆಕಾಶ ನೋಡಿ, ಕೋಲಿನಲ್ಲಿ ಗೆರೆ ಎಳೆದು "ಇಲ್ಲೀಗಂಟ ಅಗೀರಿ" ಎನ್ನುವ ಜಾತಿ ಅದು. ಗಾಳಿ ಎಷ್ಟು, ಬಿಸಿಲು ಎಷ್ಟು ಎಂದು ಮೇಲೆ ನಿಂತು ಅಂದಾಜು ಮಾಡಿ, ಇಷ್ಟು ಆಳದವರೆಗೆ ಬೆರೆಯಲಿ ಎಂದು ಒಂದೇ ಮಾತಿಗೆ ತೀರ್ಮಾನ ಕೊಡುತ್ತದೆ. ಎರಡನೆಯದು ಅತ್ತೆ. ಅದು ಪದರ ಪದರಕ್ಕೂ ಇಳಿದು, ಮೇಲಿನಿಂದ ನಿನಗೆ ಎಷ್ಟು ಕಲಕಾಟ ಬಂತು, ನಿನ್ನಲ್ಲಿ ಎಷ್ಟು ಹುಟ್ಟಿತು, ಎಷ್ಟು ಸತ್ತಿತು, ಕೆಳಗಿನವನಿಗೆ ಎಷ್ಟು ದಾಟಿಸಿದೆ ಎಂದು ವಿಚಾರಿಸಿಕೊಂಡು ಹೋಗುತ್ತದೆ. ನಿಧಾನ.

ಸಮುದ್ರದಲ್ಲಿ ತೇಲಿಬಿಟ್ಟ ಉಪಕರಣಗಳು ಅಳೆದ ಉಷ್ಣತೆಯ ಜೊತೆ ಎರಡನ್ನೂ ಹೋಲಿಸಿ ನೋಡಿದ್ದೆ. ಜೋರು ಗಾಳಿಯ ದಿನಗಳಲ್ಲಿ ದೊಡ್ಡಪ್ಪನೇ ಸರಿ. ಅತ್ತೆ ವಿಚಾರಣೆ ಮಾಡುತ್ತಾ ಮೇಲೇ ನಿಂತುಬಿಡುತ್ತಿದ್ದಳು, ಸಮುದ್ರದ ಮೈ ಇರಬೇಕಾದ್ದಕ್ಕಿಂತ ಬಿಸಿಯಾಗುತ್ತಿತ್ತು. ಆದರೆ ಮಳೆಯ ನೀರು, ಹೊಳೆಯ ನೀರು ಬಂದು ಉಪ್ಪುನೀರಿನ ಮೇಲೆ ತೆಳ್ಳಗೆ ಹಾಸಿಕೊಂಡ ದಿನಗಳಲ್ಲಿ ಅತ್ತೆಯೇ ಸರಿ. ದೊಡ್ಡಪ್ಪ ಆ ಹಾಸನ್ನು ಲೆಕ್ಕಿಸದೆ ಅಗೆದುಬಿಡುತ್ತಿದ್ದ.

ಇಷ್ಟರಲ್ಲಿ ಮಾರ್ಗದರ್ಶಕರ ಸಂದೇಶ ಬಂತು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ದೊಡ್ಡ ಕಂಪ್ಯೂಟರಿನಲ್ಲಿ ನನ್ನ ಸರದಿ. "ಎರಡರಲ್ಲಿ ಒಂದು ಆರಿಸಿ, ನಾಲ್ಕು ಸಾಲು ಕಾರಣ ಬರೆದು ಕಳಿಸಿ. ಬರದಿದ್ದರೆ ಸರದಿ ಬೇರೆಯವರಿಗೆ ಹೋಗುತ್ತದೆ." ಮತ್ತೆ ಸರದಿ ಬರಲು ವರ್ಷ ಬೇಕು. ನನ್ನ ನೋಂದಣಿಯನ್ನು ಆಗಲೇ ಎರಡು ಸಲ ವಿಸ್ತರಿಸಿದ್ದರು, ಮೂರನೆಯ ಸಲ ಇಲ್ಲ ಎಂದು ಬರೆದೂ ಕೊಟ್ಟಿದ್ದರು. ಸೋಮವಾರ ತಪ್ಪಿದರೆ ಆರು ವರ್ಷದ ಕೆಲಸ ಬೀರುವಿಗೆ.

ಗುರುವಾರ ಊಟಕ್ಕೆ ಕೂತಾಗ ಅತ್ತೆ ಕೇಳಿದಳು. "ಇನ್ನೂ ಆರಿಸ್ಲಿಲ್ವೇನೇ?"

"ಇಲ್ಲ ಅತ್ತೆ."

"ಎರಡರಲ್ಲಿ ಒಂದು ತಾನೇ? ಸೀರೆ ಅಂಗ್ಡೀಲಿ ನೂರು ಸೀರೆ ಹಾಸಿಸ್ಕಂಡು ಕಾಲು ಗಂಟೇಲಿ ಆರಿಸ್ತೀಯ."

"ಸೀರೆ ತಪ್ಪಾದ್ರೆ ನಿಂಗೆ ಕೊಡ್ಬೋದು."

"ಅದಕ್ಕೇ ಕಣೇ ನನ್ ಪೆಟ್ಟಿಗೇಲಿರೋವೆಲ್ಲ ನಿನ್ ತಪ್ಪುಗಳೇ," ಎಂದು ಮುದ್ದೆಯ ಮೇಲೆ ಸಾರು ಬಿಟ್ಟಳು.

ಹೊಂಡದ ಯೋಚನೆ ಬಂದದ್ದು ಆಗ. ತೋಟದ ಮೇಲಿನ ಬದಿಗೆ ನಮ್ಮದೊಂದು ಕೃಷಿ ಹೊಂಡ ಇದೆ, ಪ್ಲಾಸ್ಟಿಕ್ ಹಾಸಿದ್ದು, ಆಗ ಹತ್ತಡಿಯಷ್ಟು ನೀರಿತ್ತು. ಬೇಸಿಗೆಯಲ್ಲಿ ಅದರ ಮೇಲಿನ ನೀರು ಸ್ನಾನಕ್ಕೆ ಕಾಯಿಸಿದ ಹಾಗಿರುತ್ತದೆ, ಕೆಳಗೆ ಕಾಲು ಜುಮ್ಮೆನ್ನುತ್ತದೆ. ಸಂಜೆ ಗಾಳಿ ಎದ್ದಾಗ ಇದು ಎಷ್ಟು ಆಳ ಬೆರೆಯುತ್ತದೆಂದು ಅಳೆದರೆ? ಹೊಂಡ ಸಮುದ್ರವಲ್ಲ ಎಂದು ನನಗೂ ಗೊತ್ತಿತ್ತು. ಅದನ್ನು ನೆಚ್ಚಿಕೊಂಡು ತೀರ್ಮಾನ ಮಾಡಿದೆ ಎಂದರೆ ಮಾರ್ಗದರ್ಶಕರು ನಗುತ್ತಾರೆಂದೂ ಗೊತ್ತಿತ್ತು. ಆದರೂ ಆರು ವರ್ಷ ಬರೀ ಅಂಕಿಗಳ ಸಮುದ್ರದಲ್ಲಿದ್ದವಳಿಗೆ ಒಮ್ಮೆ ನಿಜವಾದ ನೀರಿನ ಒಳಗೆ ಏನಾಗುತ್ತದೆಂದು ನೋಡುವ ಆಸೆ. ಹೀಗೆಂದು ಈಗ ಬರೆಯುತ್ತಿದ್ದೇನೆ. ತೀರ್ಮಾನವನ್ನು ಇನ್ನೆರಡು ದಿನ ಮುಂದೂಡಲು ಒಂದು ಗೌರವದ ನೆಪ ಬೇಕಾಗಿತ್ತು ಎಂಬುದೂ ಅಷ್ಟೇ ನಿಜವಿರಬಹುದು.

ಕಾಲೇಜಿನ ಪ್ರಯೋಗಾಲಯದಲ್ಲಿ ಉಷ್ಣತೆಯನ್ನು ಗಳಿಗೆಗಳಿಗೆಗೂ ತಾನೇ ಬರೆದಿಟ್ಟುಕೊಳ್ಳುವ, ನಿಂಬೆಹಣ್ಣಿನ ಗಾತ್ರದ ಐದು ಉಪಕರಣಗಳಿದ್ದವು. ಅವನ್ನು ಐದು ನೈಲಾನ್ ದಾರಕ್ಕೆ ಕಟ್ಟಿ, ಒಂದಡಿ, ಮೂರಡಿ, ಐದಡಿ, ಏಳಡಿ, ಒಂಬತ್ತಡಿ ಆಳಕ್ಕೆ ಇಳಿಬಿಡಬೇಕು. ದಾರ ನೆಟ್ಟಗಿರಲು ತುದಿಗೊಂದು ಕಲ್ಲು. ಮೇಲೆ ತೇಲಲು ಏನಾದರೂ ಬೇಕಲ್ಲ? ನಮ್ಮ ಮನೆಯಲ್ಲಿ ತೇಲುವ ವಸ್ತು ಎಂದರೆ ಒಂದೇ. ತೆಂಗಿನಕಾಯಿ ರಾಶಿಗೆ ಕೈ ಹಾಕಿದೆ.

"ಒಳ್ಳೆ ಕಾಯಿ ಮುಟ್ಬೇಡ," ಎಂದಳು ಅತ್ತೆ ಒಳಗಿನಿಂದಲೇ. "ಕೊಟ್ಟಿಗೆ ಹಿಂದ್ಗಡೆ ಮರದ್ದು ತಗ."

ಕೊಟ್ಟಿಗೆ ಹಿಂದಿನ ಮರ ನಮ್ಮ ತೋಟಕ್ಕೆ ಅಂಟಿದ ಅಪವಾದ. ಅದರ ಕಾಯಿ ನೋಡಲು ಕುಂಬಳಕಾಯಿಯಷ್ಟು, ಸುಲಿದರೆ ಮುಕ್ಕಾಲು ಪಾಲು ನಾರಿನ ಮಟ್ಟೆ. ಅಟ್ಟಕ್ಕೆ ಹಾಕಿದರೆ ಕೊಬ್ಬರಿಯಾಗುವ ಬದಲು ಕೊಳೆಯುತ್ತದೆ. ಅದನ್ನು ಕಡಿಸುತ್ತೇನೆಂದು ದೊಡ್ಡಪ್ಪ ನಾನು ಹುಟ್ಟುವ ಮೊದಲಿನಿಂದ ಹೇಳುತ್ತಿದ್ದನಂತೆ. ಅದರವೇ ಐದು ತಂದು, ತಳದ ಮಟ್ಟೆಗೆ ದಾರ ಪೋಣಿಸಿ, ಶುಕ್ರವಾರ ಮಧ್ಯಾಹ್ನ ಹೊಂಡಕ್ಕೆ ಬಿಟ್ಟೆ. ಕೆಳಗೆ ಕಲ್ಲು ಎಳೆಯುತ್ತಿದ್ದುದರಿಂದ ಐದೂ ತೊಟ್ಟು ಮೇಲೆ ಮಾಡಿಕೊಂಡು ನೆಟ್ಟಗೆ ನಿಂತವು. ನೋಡಲು ಚೆಂದವಾಗಿತ್ತು.

ಇಲ್ಲಿ ನನಗೇ ಹೊಳೆಯಬೇಕಿತ್ತು. ನಾನೂ ಈ ತೋಟದಲ್ಲೇ ಬೆಳೆದವಳು. ದೊಡ್ಡಪ್ಪ ಬಿತ್ತನೆ ಕಾಯಿ ಆರಿಸುವುದು ಹೇಗೆಂದು ಚಿಕ್ಕಂದಿನಿಂದ ನೋಡಿದ್ದೇನೆ: ಕಾಯಿಗಳನ್ನು ನೀರಿಗೆ ಬಿಡುತ್ತಾನೆ. ಮುಳುಗಿದ್ದು ದಂಡ. ಅಡ್ಡ ಮಲಗಿ ತೇಲಿದ್ದು ಅಡುಗೆಗೆ. ತೊಟ್ಟು ಮೇಲೆ ಮಾಡಿ ನೆಟ್ಟಗೆ ನಿಂತದ್ದು ಸಸಿ ಮಡಿಗೆ. ನೂರರಲ್ಲಿ ಕೆಲವು ಮಾತ್ರ ಹಾಗೆ ನಿಲ್ಲುತ್ತವೆ, ಅವೂ ಪೂರ್ತಿ ನೆಟ್ಟಗಲ್ಲ.

ಶನಿವಾರ ಸಂಜೆ ನಾನು ಕಾಯುತ್ತಿದ್ದ ಗಾಳಿ ಬಂತು. ಗರಿಗಳು ಉದುರಿದವು, ಕರೆಂಟು ಹೋಯಿತು, ಹೊಂಡದ ನೀರು ಸಣ್ಣ ಅಲೆ ಎದ್ದು ದಡಕ್ಕೆ ಬಡಿಯಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ದಡದಲ್ಲಿ ನಿಂತು ಕುಣಿದೆ ಎಂದು ಅತ್ತೆ ಹೇಳುತ್ತಾಳೆ. ನನಗೆ ನೆನಪಿಲ್ಲ, ದಿನಚರಿಯಲ್ಲೂ ಇಲ್ಲ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪಿನ ಚಾರ್ಜರ್ ತರಲು ತಿಪಟೂರಿಗೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಹೊಂಡದ ಮೇಲೆ ಒಂದೂ ಕಾಯಿ ಇಲ್ಲ. ದೊಡ್ಡಪ್ಪ ಸಸಿ ಮಡಿಯ ಪಕ್ಕ ಕೈಯ ಮಣ್ಣು ತೊಳೆಯುತ್ತಿದ್ದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

"ದೊಡ್ಡಪ್ಪ, ಹೊಂಡದಲ್ಲಿ ಕಾಯಿ ಇದ್ವಲ್ಲ?"

"ನೀನ್ ಬಿಟ್ಟಿದ್ದಾ? ಯಾವ ಮರದ್ದವ್ವ ಅವು? ಐದಕ್ಕೆ ಐದೂ ನಿಂತವೆ! ನನ್ ಜನ್ಮದಾಗೆ ನೋಡಿಲ್ಲ. ಗಾಳಿ ಬಂದ್ರೂ ವಾಲ್ತಿಲ್ಲ, ಪೊಲೀಸ್ನೋರು ನಿಂತಂಗೆ ನಿಂತವೆ."

"ಅವಕ್ಕೆ ದಾರ ಇತ್ತಲ್ಲ?"

"ಯಾವ್ದೋ ದಾರ ಸಿಗಾಕ್ಕಂಡಿತ್ತು. ದೋಟಿ ಕೊಕ್ಕೇಲಿ ಎಳ್ಕಂಡು ಕುಡುಗೋಲಲ್ಲಿ ಕುಯ್ದಾಕ್ದೆ."

"ಐದಕ್ಕೂನಾ?"

"ಐದಕ್ಕೂ." ಅವನು ಸ್ವಲ್ಪ ಯೋಚಿಸಿದ. "ಐದಕ್ಕೂ ಒಂದೇ ನಮೂನೆ ಸಿಗಾಕ್ಕಂಡಿತ್ತು ಕಣವ್ವ. ಅದೇ ಸೋಜಿಗ."

"ಯಾವಾಗ ತೆಗ್ದೆ?"

"ಈಗ್ತಾನೆ."

ನಾನು ಅಲ್ಲೇ ಮಡಿಯ ಬದಿಗೆ ಕೂತೆ. ದಾರ, ಕಲ್ಲು, ಉಪಕರಣ, ಸೋಮವಾರ, ನೋಂದಣಿ, ಎಲ್ಲವನ್ನೂ ಹೇಳಿದೆ. ಕಾಯಿ ಯಾವ ಮರದ್ದೆಂಬುದನ್ನು ಮಾತ್ರ ಹೇಳುವ ಮೊದಲೇ ಅವನು, ದಂಡಿನಶಿವರದ ಬೀಗರಿಗೆ ಫೋನ್ ಮಾಡಿ ಎರಡು ಸಸಿ ನಿಮಗೇ ಎಂದು ಹೇಳಿಯೂ ಆಯಿತೆಂದ. ಅತ್ತೆ ಬಾಗಿಲಲ್ಲಿ ನಿಂತು ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಮರದ ಮಾತನ್ನು ಅಲ್ಲಿಗೇ ಬಿಟ್ಟೆ.

ದೊಡ್ಡಪ್ಪನಿಗೆ ನಿಜವಾಗಿ ಬೇಜಾರಾಯಿತು. ಅತ್ತೆ, ಬಾವಿಯಿಂದ ಬಿಂದಿಗೆ ತೆಗೆಯುವ ಪಾತಾಳಗರಡಿ ಇಳಿಬಿಡೋಣ ಎಂದಳು. ಕೊಕ್ಕೆ ತಾಗಿ ಪ್ಲಾಸ್ಟಿಕ್ ಹರಿಯುತ್ತದೆಂದು ಅವನು ಒಪ್ಪದೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತಾನೇ ಇಳಿದ. ಹಗ್ಗದ ಇನ್ನೊಂದು ತುದಿ ಮರಕ್ಕೆ, ಮಧ್ಯ ಅತ್ತೆಯ ಕೈಯಲ್ಲಿ. ಅವನ ಈಜು ಹಳೆಯದು, ಮುಳುಗಿ ಮೊದಲ ಸಲ ಎದ್ದಾಗ ಕೈಯಲ್ಲಿ ಕಲ್ಲಿನ ಸಮೇತ ಒಂದು ಉಪಕರಣ ಇತ್ತು.

"ಎದೆಗಂಟ ಕಾಫಿ ಕಣವ್ವ, ಅದ್ರ ಕೆಳಗೆ ಐಸು!"

"ಕಾಫಿ ಕುಡ್ಕಂಡು ನಿಂತ್ಕಬ್ಯಾಡ, ಹುಡುಕು," ಎಂದಳು ಅತ್ತೆ.

"ಎದೆಗಂಟ ಅಂದ್ರೆ ಎಷ್ಟಡಿ ದೊಡ್ಡಪ್ಪ?" ಎಂದು ಕೇಳಿದೆ.

"ಇದ್ನೂ ಬರ್ಕಂತೀಯಾ?"

ಬರೆದುಕೊಂಡಿದ್ದೇನೆ. "ದೊ. ಎದೆ, ನಾಲ್ಕಡಿ" ಎಂದಿದೆ.

ನಾಲ್ಕು ಸಿಕ್ಕವು. ಐದನೆಯದು ಸಿಗಲಿಲ್ಲ, ಇವತ್ತಿಗೂ ಅಲ್ಲೇ ಇದೆ. ಸಿಗದೇ ಹೋದದ್ದು ಐದಡಿಯದು. ಹೊಂಡದ ಲೆಕ್ಕವನ್ನು ಎರಡೂ ವಿಧಾನದಲ್ಲಿ ಮೊದಲೇ ಮಾಡಿಟ್ಟಿದ್ದೆ. ಶನಿವಾರದಂಥ ಗಾಳಿಗೆ ಕಲಕಾಟ ಐದಡಿ ದಾಟುತ್ತದೆಂದು ಮೊದಲನೆಯದು ಹೇಳಿತ್ತು, ದಾಟುವುದಿಲ್ಲವೆಂದು ಎರಡನೆಯದು. ಉಳಿದ ಆಳಗಳಲ್ಲಿ ಎರಡಕ್ಕೂ ಜಗಳವೇ ಇರಲಿಲ್ಲ. ಅಂದರೆ ಹೊಂಡದಲ್ಲಿ ನನಗೆ ಬೇಕಾಗಿದ್ದದ್ದು ಆ ಒಂದೇ ನಿಂಬೆಹಣ್ಣು.

ಸಂಜೆ ಆರಕ್ಕೆ ಕರೆಂಟು ಬಂತು. ನಾಲ್ಕು ಉಪಕರಣಗಳ ಗೆರೆಗಳನ್ನು ಪರದೆಯ ಮೇಲೆ ಬಿಡಿಸಿದೆ. ಶನಿವಾರ ಸಂಜೆ ಒಂದಡಿ ಮೂರಡಿಯವು ಕೂಡಿಕೊಂಡಿದ್ದವು, ಏಳು ಒಂಬತ್ತು ಅಲುಗಿರಲಿಲ್ಲ. ಎರಡೂ ವಿಧಾನಕ್ಕೆ ಒಪ್ಪಿಗೆಯಿದ್ದ ಸಂಗತಿ. ಆಮೇಲೆ ಭಾನುವಾರ ಬೆಳಿಗ್ಗೆ ಎಂಟೂಕಾಲರ ಹತ್ತಿರ ನೋಡಿದೆ. ನಾಲ್ಕೂ ಗೆರೆ ಒಂದಾಗಿದ್ದವು. ಮೇಲಿಂದ ತಳದವರೆಗೆ ಪೂರ್ತಿ ಬೆರಕೆ! ದೊಡ್ಡಪ್ಪ ಕಾಯಿ ತೆಗೆದದ್ದು ಮಧ್ಯಾಹ್ನ, ಇದು ಬೆಳಿಗ್ಗೆಯೇ ನಡೆದುಹೋಗಿದೆ. ಇಷ್ಟು ಆಳ ಅಗೆಯುವ ಧೈರ್ಯ ಇರುವುದು ಮೊದಲನೆಯ ವಿಧಾನಕ್ಕೆ ಮಾತ್ರ. ಮಾರ್ಗದರ್ಶಕರಿಗೆ ಸಂದೇಶ ಬರೆದೆ. "ಮೊದಲನೆಯದೇ ಸರ್. ಸಾಕ್ಷಿ ಸಿಕ್ಕಿದೆ."

ಕಾಫಿ ತಂದ ಅತ್ತೆ ಪರದೆ ನೋಡಿದಳು. "ಏನೇ ಇದು?"

"ಮೇಲಿನ ಬಿಸಿ ನೀರು, ಕೆಳಗಿನ ತಣ್ಣೀರು, ಎಲ್ಲಾ ಬೆರೆತು ಒಂದಾಯ್ತು ಅತ್ತೆ."

"ಬೆರೆತು ಎಷ್ಟಾಯ್ತು?"

"ತಳದಲ್ಲಿ ಇತ್ತಲ್ಲ, ಅಷ್ಟು."

"ಬಚ್ಚಲಲ್ಲಿ ಬಿಸ್ನೀರಿಗೆ ತಣ್ಣೀರು ಬೆರೆಸಿದ್ರೆ ಉಗುರುಬೆಚ್ಚಗೆ ಆಗ್ಬೇಕು. ತಣ್ಣೀರಷ್ಟೇ ತಣ್ಣಗೆ ಹೆಂಗಾಯ್ತದೆ? ಬಿಸಿ ಎಲ್ಗೋಯ್ತು?"

ಇದೇ ಪಾಠವನ್ನು ಮೊದಲನೇ ವರ್ಷದವರಿಗೆ ನಾನು ಪ್ರತಿ ಜುಲೈನಲ್ಲಿ ಮಾಡುತ್ತೇನೆ. ಅತ್ತೆ ಹೊರಗೆ ತಿರುಗಿ ಕೂಗಿದಳು. "ಅಣ್ಣಾ, ಕಾಯಿ ತೆಗ್ದಿದ್ದು ಎಷ್ಟೊತ್ನಲ್ಲಿ?"

"ಈಗ್ತಾನೆ ಅಂದ್ನಲ್ಲ."

"ಗಂಟೆ ಹೇಳು."

"ಡೈರೀಗೆ ಹಾಲಾಕಿ ಬಂದ್ ಮೇಲೆ."

ಹಾಲು ಹಾಕಿ ಬರುವುದು ಎಂಟಕ್ಕೆ. ಅವನು ದಾರ ಕೊಯ್ದ ಗಳಿಗೆಯಲ್ಲಿ ಎಲ್ಲವೂ ತಳ ಸೇರಿ, ಅಲ್ಲಿನ ಐಸನ್ನು ಒಟ್ಟಿಗೆ ಕೂತು ಅಳೆದಿದ್ದವು. ಬೆರೆತದ್ದು ನೀರಲ್ಲ, ನನ್ನ ಉಪಕರಣಗಳು.

ಆ ಸಂದೇಶವನ್ನು ನಾನು ಕಳಿಸಿರಲೇ ಇಲ್ಲ, ಅತ್ತೆ ಸರಿಯಾದ ಹೊತ್ತಿಗೆ ಬಂದಳು ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಾ ಬಂದಿದ್ದೇನೆ, ನಂಬಿಯೂ ಇದ್ದೆ. ಇದನ್ನು ಬರೆಯುವ ಮುಂಚೆ ಫೋನು ತೆಗೆದು ನೋಡಿದೆ. ಆ ಭಾನುವಾರ ಆರೂವರೆಗೆ, ನನ್ನ ಕಡೆಯಲ್ಲೇ, ಸಂದೇಶ ಅಳಿಸಿದ ಗುರುತು ಇದೆ.

ಅವತ್ತೇ ಬೆಳಕಿರುವಾಗ ದೊಡ್ಡಪ್ಪನಿಗಾದರೂ ಸತ್ಯ ತೋರಿಸೋಣವೆಂದು ಒಂದು ಕಾಯಿ, ಒಂದು ಕಲ್ಲು ತಂದೆ. ಬರೀ ಕಾಯಿ ಬಿಟ್ಟೆ. ಅಡ್ಡ ಮಲಗಿತು. ದಾರದಲ್ಲಿ ಕಲ್ಲು ಕಟ್ಟಿ ಬಿಟ್ಟೆ, ನೆಟ್ಟಗೆ ನಿಂತಿತು.

"ನೋಡಿದ್ಯಾ ದೊಡ್ಡಪ್ಪ? ಯಾವ ಕಾಯಿಗೆ ಕಟ್ಟಿದ್ರೂ ಇಷ್ಟೇ."

ಅವನು ಬಗ್ಗಿ, ತಲೆ ಓರೆ ಮಾಡಿ, ಬಹಳ ಹೊತ್ತು ನೋಡಿದ. "ಇದೂ ಒಳ್ಳೆ ಕಾಯೇ ಬುಡು," ಎಂದು ಅದನ್ನೂ ಎತ್ತಿಕೊಂಡು ಮಡಿಗೆ ನಡೆದ. ಅದೂ ಕೊಟ್ಟಿಗೆ ಹಿಂದಿನ ಮರದ್ದೇ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ನಾನು ಎರಡನೆಯ ವಿಧಾನವನ್ನು, ಅಂದರೆ ಅತ್ತೆಯನ್ನು, ಆರಿಸಿ ಕಳಿಸಿದೆ. ನಾಲ್ಕು ಸಾಲಿನಲ್ಲಿ ಹೊಂಡದ ಸುದ್ದಿ ಇರಲಿಲ್ಲ. ನಾನು ಲೆಕ್ಕ ಹಾಕುವ ಸಮುದ್ರದಲ್ಲಿ ವರ್ಷದ ಹೆಚ್ಚು ದಿನ ಸಿಹಿನೀರಿನ ಹಾಸು ಇರುತ್ತದೆ, ಪದರ ಪದರವನ್ನೂ ವಿಚಾರಿಸುವ ವಿಧಾನ ಅದನ್ನು ಉಳಿಸುತ್ತದೆ, ಜೋರು ಗಾಳಿಯ ತಿಂಗಳಲ್ಲಿ ಅದು ತಪ್ಪುತ್ತದೆ, ತಪ್ಪು ಯಾವ ಕಡೆಗೆಂದು ಗೊತ್ತಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. "ಸರಿ. ನಿನ್ನೆ ಅಳಿಸಿದ್ದು ಏನು?" ಏನೋ ಕೈತಪ್ಪಿ ಎಂದು ಬರೆದೆ.

ಬಚ್ಚಲ ನೀರಿನ ಆ ಒಂದು ಪ್ರಶ್ನೆಯಿಂದಲೇ ನಾನು ಅತ್ತೆಯ ಕಡೆ ವಾಲಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಶುಕ್ರವಾರದ ಎರಡನೆಯ ಸಾಲು ಹೀಗಿದೆ: "ಬಹುಶಃ ಎರಡನೆಯದೇ." ಕಾಯಿ ಬಿಟ್ಟ ದಿನವೇ, ಅದೇ ಶಾಯಿಯಲ್ಲಿ, ನನ್ನದೇ ಅಕ್ಷರ. ಹಾಗಾದರೆ ಹೊಂಡ ಯಾಕೆ? ಶುಕ್ರವಾರ ಎರಡನೆಯದು, ಭಾನುವಾರ ಸಾಕ್ಷಿ ಸಮೇತ ಮೊದಲನೆಯದು, ಸೋಮವಾರ ಮತ್ತೆ ಎರಡನೆಯದು. ಇದರಲ್ಲಿ ಯಾವುದನ್ನು ತೀರ್ಮಾನ ಎನ್ನಬೇಕೋ ತಿಳಿಯದು. ಸೋಮವಾರದ್ದಕ್ಕೆ ಒಂದೇ ಹೆಚ್ಚುಗಾರಿಕೆ, ಒಂಬತ್ತು ಗಂಟೆ ಹತ್ತಿರ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಫಲಿತಾಂಶ ಬಂತು. ಸಿಹಿನೀರಿನ ಹಾಸು ಇರಬೇಕಾದಲ್ಲಿ ಇತ್ತು. ಜೋರು ಗಾಳಿಯ ತಿಂಗಳಲ್ಲಿ ಸಮುದ್ರದ ಮೈ ಬಿಸಿಯಾಗಿತ್ತು, ನಾನು ಹೇಳಿದ ಕಡೆಗೇ. ಅಧ್ಯಾಯ ಬರೆಯಬಹುದು ಎಂದರು ಮಾರ್ಗದರ್ಶಕರು. ದೋಷವನ್ನು ಏನು ಮಾಡಲಿ ಎಂದು ಕೇಳಿದೆ. "ಗೊತ್ತಿರುವ ದೋಷ ಬರೆದುಬಿಡಿ. ಓದುವವರು ಎಚ್ಚರದಿಂದ ಇರುತ್ತಾರೆ."

ಆ ಮಾತು ತಲೆಯಲ್ಲಿ ಉಳಿದಿತ್ತು. ಅದೇ ವಾರ ದಂಡಿನಶಿವರದ ಬೀಗರು ಸಸಿಗೆ ಬಂದರು. ಆರರಲ್ಲಿ ನಾಲ್ಕು ಮೊಳೆತು ಮೊಣಕಾಲುದ್ದ ಎದ್ದಿದ್ದವು. ದೊಡ್ಡಪ್ಪ ಒಳಗೆ ಕಾಫಿಗೆ ಕರೆದಾಗ ನಾನು ಎರಡು ರಟ್ಟಿನ ಚೂರಿನ ಮೇಲೆ ದಪ್ಪಗೆ ಬರೆದೆ: "ಕೊಟ್ಟಿಗೆ ಹಿಂದಿನ ಮರ. ಕಲ್ಲು ಕಟ್ಟಿ ನಿಲ್ಲಿಸಿದ ಕಾಯಿ." ಅವರಿಗೆ ಕೊಡಲೆಂದು ಎತ್ತಿಟ್ಟಿದ್ದ ಎರಡು ಸಸಿಗೆ ಕಟ್ಟಿದೆ. ಅತ್ತೆ ನೋಡಿದಳು. ಈ ಸಲ ಸನ್ನೆ ಮಾಡಲಿಲ್ಲ.

ಬೀಗರು ಹೊರಗೆ ಬಂದು ಸಸಿ ಎತ್ತಿಕೊಂಡರು. ಕನ್ನಡಕ ಸರಿಮಾಡಿಕೊಂಡು ರಟ್ಟನ್ನು ಗಟ್ಟಿಯಾಗಿ ಓದಿದರು. "ಕಲ್ಲು ಕಟ್ಟಿದ್ರಾ? ಕಾಯಿಗಾ?"

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಮುಂದೆ ಬಂದ.

"ಹೂಂ ಕಣ್ರೀ. ನಮ್ ಮಗ್ಳು ಪರೀಕ್ಷೆ ಮಾಡಿದ್ದು. ಸಮುದ್ರದ ಓದು ಅವಳದು. ಕಲ್ಲು ಕಟ್ಟಿ ನೀರಿಗೆ ಬಿಟ್ರೂ ಮುಳುಗ್ಲಿಲ್ಲ, ವಾಲ್ಲಿಲ್ಲ, ಎರಡು ದಿನ ನೆಟ್ಟಗೆ ನಿಂತಿತ್ತು. ಬೇರೆ ಯಾರ್ ಮನೇಲಿ ಇಂಗೆ ನೋಡಿ ಕೊಡ್ತಾರೆ ಹೇಳಿ?"

ಬೀಗರು ನನ್ನ ಕಡೆ ಗೌರವದಿಂದ ನೋಡಿದರು. ಆಮೇಲೆ ಮಡಿಯ ಕಡೆ ನೋಡಿ, ಉಳಿದ ಎರಡನ್ನೂ ಕೊಡುತ್ತೀರಾ ಎಂದು ಕೇಳಿದರು.